ಹನ್ನೆರಡು ತಿಂಗಳ ಖರ್ಚು, ಎರಡು ಸುಗ್ಗಿಯ ದುಡ್ಡು

ಮನೆಯ ಹಣಕಾಸಿನ ಬಗ್ಗೆ ಸಿಗುವ ಸಲಹೆಗಳೆಲ್ಲ ಒಂದನೇ ತಾರೀಖಿನಿಂದ ಶುರುವಾಗುತ್ತವೆ. ಪಗಾರ ಬಂದ ದಿನವೇ ಅರ್ಧ ಮನೆಖರ್ಚಿಗೆ ಎತ್ತಿಡಿ, ನೂರಕ್ಕೆ ಮೂವತ್ತು ಆಸೆಗಳಿಗೆ, ಇಪ್ಪತ್ತು ಉಳಿತಾಯಕ್ಕೆ ಅಂತ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ, ಹಟ್ಟಿ ಗಣಿಯಲ್ಲೋ ನೌಕರಿ ಇದ್ದವರಿಗೆ ಇದು ಹೊಂದುತ್ತದೆ. ಸಿಂಧನೂರು, ಮಾನ್ವಿ, ಕಾರಟಗಿ, ಸಿರುಗುಪ್ಪದ ಕಡೆ ತುಂಗಭದ್ರಾ ಕಾಲುವೆಯ ನೀರಲ್ಲಿ ಭತ್ತ ಬೆಳೆಯುವ ಮನೆಗೆ ಒಂದನೇ ತಾರೀಖು ಉಳಿದ ತಾರೀಖುಗಳ ಹಾಗೇ. ಅಲ್ಲಿ ದುಡ್ಡು ನವೆಂಬರ್-ಡಿಸೆಂಬರಿನಲ್ಲಿ ಒಮ್ಮೆ ಬರುತ್ತದೆ, ಕಾಲುವೆಗೆ ಎರಡನೇ ಬೆಳೆಗೂ ನೀರು ಬಿಟ್ಟರೆ ಏಪ್ರಿಲ್-ಮೇನಲ್ಲಿ ಇನ್ನೊಮ್ಮೆ. ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾದ ಒಣಬೇಸಾಯದವರಿಗೆ ತೊಗರಿ, ಶೇಂಗಾ, ಹಿಂಗಾರಿ ಜೋಳ ಕೈಗೆ ಬಂದಾಗಷ್ಟೇ. ಖರ್ಚು ಮಾತ್ರ ಎಲ್ಲರಿಗೂ ಹನ್ನೆರಡು ತಿಂಗಳದ್ದು: ಶಾಲೆಯ ಫೀಸು ಜೂನಿನಲ್ಲಿ, ಬೀಜ-ಗೊಬ್ಬರ ಜುಲೈ-ಆಗಸ್ಟಿನಲ್ಲಿ, ಗ್ಯಾಸು, ಕಿರಾಣಿ, ದವಾಖಾನೆ ಯಾವಾಗ ಬೇಕಾದರೂ.

ಈ ಕಡೆಯ ಮನೆಗಳಲ್ಲಿ ದುಂದುವೆಚ್ಚ ಕಡಿಮೆ. ಹಳೆ ಸೀರೆ ಕೌದಿಯಾಗುತ್ತದೆ, ಮಿಕ್ಕ ರೊಟ್ಟಿ ಮುರಿದು ಒಗ್ಗರಣೆ ಬೀಳುತ್ತದೆ, ಚಹಾಪುಡಿ ಎರಡನೇ ಸಲ ಕುದಿಯುತ್ತದೆ. ಆದರೂ ವರ್ಷದ ಕೊನೆಗೆ ಕೈ ಖಾಲಿ. ದುಡ್ಡು ಸೋರುತ್ತಿರುವುದು ಏನು ಕೊಂಡೆವು ಎಂಬಲ್ಲಿ ಅಲ್ಲ, ಯಾವಾಗ ಕೊಂಡೆವು ಎಂಬಲ್ಲಿ. ಆಗಸ್ಟಿನಲ್ಲಿ ತಂದದ್ದಕ್ಕೆ ಡಿಸೆಂಬರಿನಲ್ಲಿ ಕೊಡುವ ಬೆಲೆಯನ್ನು ಯಾರೂ ಖರ್ಚಿನ ಪಟ್ಟಿಯಲ್ಲಿ ಬರೆಯುವುದಿಲ್ಲ.

ದಲಾಲಿ ಅಂಗಡಿಯ ಪಟ್ಟಿ

ಡಿಸೆಂಬರಿನಲ್ಲಿ ಕಾರಟಗಿಯ ದಲಾಲಿ ಅಂಗಡಿಗಳ ಮುಂದೆ ನಿಂತರೆ ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಭತ್ತ ತೂಕವಾಗಿದೆ. ಗಂಡ ಹಮಾಲರ ಜೊತೆ ಚೀಲ ಎಣಿಸುತ್ತಿದ್ದಾನೆ. ಹೆಂಡತಿ ಕಟ್ಟೆಯ ಮೇಲೆ ಕೂತು, "ಸಾವ್ಕಾರ್ರ, ಲೆಕ್ಕ ಹಚ್ಚಿ ಪಟ್ಟಿ ಕೊಡ್ರಿ, ಬಸ್ಸಿಗಿ ಹೊತ್ತಾತು" ಅನ್ನುತ್ತಾಳೆ. "ಎಲ್ಲಾ ಕೂಡಿಸೀನಿ ಬೇ ಯಕ್ಕ, ನೋಡ್ಕ್ಯಾ" ಎಂದು ಚೀಟಿ ಕೈಗೆ ಬರುತ್ತದೆ. ಆಕೆ ನೋಡುವುದು ಕೊನೆಯ ಸಾಲು ಒಂದನ್ನೇ. ಕೈಗೆ ಬರುವುದು ಎಷ್ಟು?

ಅದರ ಮೇಲಿನ ಸಾಲುಗಳನ್ನು ಬಿಡಿಸಿ ನೋಡಬೇಕು. ಲೆಕ್ಕಕ್ಕೆ ಮೂರು ಎಕರೆ, ಎಕರೆಗೆ 35 ಚೀಲ ಎಂದು ಹಿಡಿಯೋಣ. ಇಲ್ಲಿ ಭತ್ತದ ಚೀಲ ಅಂದರೆ 75 ಕೆಜಿ. ಚೀಲಕ್ಕೆ 1,700 ರೂಪಾಯಿ ಅಂದರೆ 105 ಚೀಲಕ್ಕೆ 1,78,500. ಹಮಾಲಿ, ತೂಕ ಇತ್ಯಾದಿ 2,500 ಕಳೆಯಿತು. ಆಗಸ್ಟಿನಿಂದ ಇದೇ ಅಂಗಡಿಯಲ್ಲಿ ಉದ್ರಿ (ಸಾಲಕ್ಕೆ) ತಂದ ಗೊಬ್ಬರ ಮತ್ತು ಸಿಂಪಡಿಸುವ ಔಷಧಿಯ ಬಾಕಿ 46,000. ನಾಟಿ ಕೂಲಿಗೆ, ಹಬ್ಬಕ್ಕೆ, ಮಗುವಿನ ಜ್ವರಕ್ಕೆ ಅಂತ ಆಗಾಗ ತಂದ ನಗದು 40,000. ಈ 86,000ಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ ಐದು ತಿಂಗಳ ಬಡ್ಡಿ 8,600. ಕೈಗೆ ಬರುವುದು 81,400. ಅದರಲ್ಲಿ ಲಾವಣಿ (ಹೊಲದ ಗುತ್ತಿಗೆ), ಟ್ರ್ಯಾಕ್ಟರ್, ಕಟಾವು ಯಂತ್ರದ ಬಾಡಿಗೆ ಇನ್ನೂ ಬಾಕಿ.

ಪಟ್ಟಿಯಲ್ಲಿ ಬಡ್ಡಿ ಕಾಣುವುದು 8,600. ಕಾಣದ ಬಡ್ಡಿಯೊಂದು ಆ 46,000ದ ಒಳಗೇ ಕೂತಿದೆ. 50 ಕೆಜಿ ಡಿಎಪಿ ಗೊಬ್ಬರದ ಚೀಲದ ಮೇಲೆ ಮುದ್ರಿಸಿದ ಬೆಲೆ 1,350 ರೂಪಾಯಿ ಇದ್ದಾಗ ಉದ್ರಿಯಲ್ಲಿ ಅದನ್ನು 1,500 ಎಂದು ಬರೆದರೆ, ಬಡ್ಡಿ ಶುರುವಾಗುವ ಮೊದಲೇ 150 ಹೋಯಿತು. ಆ 1,500ರ ಮೇಲೆ ಐದು ತಿಂಗಳ ಬಡ್ಡಿ ಇನ್ನೊಂದು 150. ಅಂದರೆ 1,350 ರೂಪಾಯಿಯ ಮಾಲಿಗೆ ಐದು ತಿಂಗಳಿಗೆ 300. ಬಾಯಿಮಾತಿನ ದರ ನೂರಕ್ಕೆ ಎರಡು, ನಿಜವಾಗಿ ಬೀಳುವುದು ತಿಂಗಳಿಗೆ ನೂರಕ್ಕೆ ನಾಲ್ಕೂವರೆಯ ಹತ್ತಿರ, ವರ್ಷದ ಲೆಕ್ಕದಲ್ಲಿ ಐವತ್ತರ ಮೇಲೆ. ಇದನ್ನು ತಿಳಿಯಲು ದೊಡ್ಡ ಗಣಿತ ಬೇಡ. ಉದ್ರಿ ಒಯ್ಯುವ ದಿನವೇ ಅದೇ ಮಾಲಿನ ನಗದು ದರ ಕೇಳಿ ಪಕ್ಕದಲ್ಲಿ ಬರೆದಿಟ್ಟುಕೊಂಡರೆ ಸಾಕು. ಚೀಲದ ಮೇಲಿನ ಬೆಲೆಗಿಂತ ಹೆಚ್ಚಿಗೆ ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ ಎಂಬುದು ಬೇರೆ ಮಾತು. ಉದ್ರಿ ತರುವವರು ಬಿಲ್ಲು ಕೇಳುವುದಿಲ್ಲ, ಅಷ್ಟೇ.

ಈಗ ಇದೇ ಮನೆಯಲ್ಲಿ ಒಂದು ತೊಲೆ ಬಂಗಾರದ ಸರ ಇದೆ ಅಂದುಕೊಳ್ಳಿ. ನಗದು ದರಕ್ಕೆ ಗೊಬ್ಬರ-ಔಷಧಿ ತಂದರೆ 46,000ದ ಜಾಗದಲ್ಲಿ 41,500 ಸಾಕು. ಅದಕ್ಕೆ 40,000 ಸೇರಿಸಿ ಒಟ್ಟು 81,500 ಬ್ಯಾಂಕಿನಲ್ಲಿ ಬಂಗಾರದ ಮೇಲೆ ತೆಗೆದರೆ, ವರ್ಷಕ್ಕೆ ನೂರಕ್ಕೆ ಹತ್ತು ಹಿಡಿದರೂ ಐದು ತಿಂಗಳಿಗೆ 3,400 ಬಡ್ಡಿ. ದಲಾಲಿಯ ದಾರಿಯಲ್ಲಿ ಹೋದದ್ದು 4,500 ಮತ್ತು 8,600, ಕೂಡಿ 13,100. ವ್ಯತ್ಯಾಸ 9,700. ಐದು ಜನರ ಮನೆಯ ವರ್ಷದ ಜೋಳಕ್ಕೆ ಹೆಚ್ಚುಕಡಿಮೆ ಇಷ್ಟು ಸಾಲುತ್ತದೆ. ಇನ್ನೊಂದು ಲಾಭವೂ ಉಂಟು: ಬಾಕಿ ಇಲ್ಲದವನು ಭತ್ತವನ್ನು ಯಾರಿಗೆ ಬೇಕಾದರೂ, ಯಾವಾಗ ಬೇಕಾದರೂ ಮಾರಬಹುದು. ಸುಗ್ಗಿಯ ಮೊದಲ ಎರಡು ವಾರ ಎಲ್ಲರ ಮಾಲೂ ಒಮ್ಮೆಲೆ ಬಂದು ದರ ಬೀಳುತ್ತದೆ. ಆಗ ಕಾಯಲು ಸಾಧ್ಯವಾಗುವುದು ಅಂಗಡಿಯ ಬಾಕಿ ಇಲ್ಲದವನಿಗೆ ಮಾತ್ರ.

ಹಾಗಿದ್ದರೂ ಬಂಗಾರ ಬ್ಯಾಂಕಿಗೆ ಹೋಗುವುದಿಲ್ಲ. ಇದು ಲೆಕ್ಕದ ಮಾತಲ್ಲ, ಮರ್ಯಾದೆಯ ಮಾತು. ಸರ ಒತ್ತಿ ಇಟ್ಟರೆ ಅತ್ತೆಯ ಮನೆಗೂ ತವರಿಗೂ ಗೊತ್ತಾಗುತ್ತದೆ, ಮದುವೆ-ಮುಂಜಿಯಲ್ಲಿ ಬೋಳು ಕೊರಳು ಕಾಣುತ್ತದೆ. ಉದ್ರಿ ಯಾರ ಕೊರಳಲ್ಲೂ ಕಾಣುವುದಿಲ್ಲ. ಬಂಗಾರದ ಸಾಲ ಕೆಡುವ ರೀತಿಗಳೂ ಇವೆ, ಮುಚ್ಚಿಡಬಾರದು. ಹರಳಿನ ತೂಕ, ಮಾಡಿಸಿದ ಕೂಲಿ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಅಂದುಕೊಂಡಷ್ಟು ಸಾಲ ಸಿಗದು. ಕೃಷಿ ಸಾಲದ ದರದಲ್ಲಿ ಬೇಕೆಂದರೆ ಪಹಣಿ ಕೇಳುತ್ತಾರೆ, ಲಾವಣಿ ಮಾಡುವವರ ಹತ್ತಿರ ಅದು ಇರುವುದಿಲ್ಲ. ಕೆಲವು ಖಾಸಗಿ ಕಂಪನಿಗಳಲ್ಲಿ ಹೇಳುವ ಕಡಿಮೆ ದರ ಪ್ರತಿ ತಿಂಗಳು ಬಡ್ಡಿ ಕಟ್ಟಿದವರಿಗೆ ಮಾತ್ರ. ಒಂದೆರಡು ತಿಂಗಳು ತಪ್ಪಿದರೆ ಮೇಲಿನ ದರ ಬೀಳುತ್ತದೆ, ಸುಗ್ಗಿಯ ದುಡ್ಡಿನವರು ತಪ್ಪುವುದು ಖಚಿತ. ಎಲ್ಲಕ್ಕಿಂತ ಕೆಟ್ಟದ್ದು, ಡಿಸೆಂಬರಿನಲ್ಲಿ ದುಡ್ಡು ಬಂದಾಗ ಬಡ್ಡಿ ಮಾತ್ರ ಕಟ್ಟಿ ಸಾಲ ಹೊಸದು ಮಾಡಿಸುವುದು. ಎರಡು ವರ್ಷ ಹೀಗೆ ನಡೆದರೆ ಆ ಸರ ಬ್ಯಾಂಕಿನದೇ ಎಂದು ತಿಳಿಯಬಹುದು. ಪಟ್ಟಿ ಕೈಗೆ ಬಂದ ವಾರದೊಳಗೆ ಸರ ಬಿಡಿಸುವುದಾದರೆ ಮಾತ್ರ ಈ ದಾರಿ.

ಸ್ವಂತ ಪಹಣಿ ಇದ್ದವರಿಗೆ ಇದಕ್ಕಿಂತ ಅಗ್ಗದ್ದು ಸಹಕಾರಿ ಸಂಘದ ಬೆಳೆಸಾಲ. ರಾಜ್ಯದಲ್ಲಿ ಬಡ್ಡಿ ಇಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಸಂಘದವರು ಕೊಡುವುದು ತಮ್ಮ ಶಕ್ತಿಯಷ್ಟೇ, ಮತ್ತು ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ. ಗಡುವಿನ ದಿನ ಕೈಗಡ ತಂದು ಕಟ್ಟಿ, ಮತ್ತೆ ಸಾಲ ಮಂಜೂರಾದ ಮೇಲೆ ಕೈಗಡ ತೀರಿಸುವ ರೂಢಿ ಇದೆಯಲ್ಲ, ಅಲ್ಲಿ ನಾಲ್ಕು ದಿನಕ್ಕೆ ಕೊಡುವ ಬಡ್ಡಿಯನ್ನೂ ಪುಸ್ತಕದಲ್ಲಿ ಬರೆಯಬೇಕು. ಆ ನಾಲ್ಕು ದಿನ ಹದಿನೈದಾದರೆ ಬಡ್ಡಿರಹಿತ ಸಾಲ ಹೆಸರಿಗಷ್ಟೇ ಬಡ್ಡಿರಹಿತ.

ವರ್ಷದ ಕಾಳು

ಹಗೇವಿನ (ನೆಲದೊಳಗಿನ ಕಾಳಿನ ಗುಂಡಿಯ) ಕಾಲ ಹೋಯಿತು, ಆದರೆ ವರ್ಷದ ಕಾಳು ಒಮ್ಮೆಲೆ ತುಂಬಿಸುವ ರೂಢಿಯ ಹಿಂದಿನ ಲೆಕ್ಕ ಇನ್ನೂ ಗಟ್ಟಿ ಇದೆ. ಐದು ಜನರ ಮನೆಯಲ್ಲಿ ದಿನಕ್ಕೆ ಒಂದು ಹೊತ್ತು ರೊಟ್ಟಿ ಅಂದರೆ ಹತ್ತು ರೊಟ್ಟಿ, ಮುಕ್ಕಾಲು ಕೆಜಿ ಹಿಟ್ಟು ಹತ್ತಿರ. ವರ್ಷಕ್ಕೆ ಎರಡೂವರೆಯಿಂದ ಮೂರು ಕ್ವಿಂಟಲ್ ಜೋಳ ಬೇಕು. ಎರಡು ಹೊತ್ತಾದರೆ ಐದು ಕ್ವಿಂಟಲ್ ದಾಟುತ್ತದೆ. ಹಿಂಗಾರಿ ಬಿಳಿಜೋಳ ಕೊಯ್ಲಿಗೆ ಬರುವುದು ಫೆಬ್ರವರಿ-ಮಾರ್ಚ್. ದರ ಇಳಿದಿರುವುದೂ ಆಗಲೇ. ಅಕ್ಕಿಯದ್ದು ಸ್ವಲ್ಪ ಬೇರೆ. ಡಿಸೆಂಬರ್-ಜನವರಿಯ ಹೊಸ ಸೋನಾ ಮಸೂರಿ ಅಗ್ಗ, ಆದರೆ ಅನ್ನ ಮುದ್ದೆಯಾಗುತ್ತದೆ, ಅರಳುವುದಿಲ್ಲ. ಆರೆಂಟು ತಿಂಗಳು ಹಳೆಯದಾದ ಅಕ್ಕಿ ನೀರು ಹೆಚ್ಚು ಹಿಡಿಯುತ್ತದೆ, ಅದೇ ಪಾವಿಗೆ ಹೆಚ್ಚು ಅನ್ನ ಕೊಡುತ್ತದೆ, ಅಂಗಡಿಯಲ್ಲಿ ಬೆಲೆಯೂ ಹೆಚ್ಚು. ಹೊಸದು ತಂದು ಮನೆಯಲ್ಲೇ ಹಳೆಯದು ಮಾಡಿಕೊಂಡರೆ ಆ ವ್ಯತ್ಯಾಸ ಮನೆಗೇ ಉಳಿಯುತ್ತದೆ. ಭತ್ತ ಇದ್ದವರು ಬೇಕಾದಷ್ಟು ಚೀಲ ಮಾರದೆ ಇಟ್ಟುಕೊಂಡು ಆಗಾಗ ಮಿಲ್ಲಿಗೆ ಹಾಕಿಸಿದರೆ ಇನ್ನೂ ಒಳ್ಳೆಯದು. 75 ಕೆಜಿ ಭತ್ತಕ್ಕೆ 45ರಿಂದ 50 ಕೆಜಿ ಅಕ್ಕಿ ಬರಬೇಕು. 45ಕ್ಕಿಂತ ಕೆಳಗೆ ಬಂದರೆ ಭತ್ತದಲ್ಲಿ ಜೊಳ್ಳು ಅಥವಾ ತೇವ ಇದೆ, ಇಲ್ಲವೇ ನುಚ್ಚು ಬೇರೆ ಚೀಲಕ್ಕೆ ಹೋಗಿದೆ.

ತುಂಬಿಸಿದ ಕಾಳು ಕೆಡುವುದು ಬಹುತೇಕ ಮೊದಲ ವಾರದ ತಪ್ಪಿನಿಂದ. ಜೋಳವನ್ನು ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಕಾಳು ಹಲ್ಲಲ್ಲಿ ಕಡಿದರೆ ಟಕ್ಕನೆ ಒಡೆಯುವಷ್ಟು ಒಣಗಿಸಬೇಕು. ತೇವ ನೂರಕ್ಕೆ ಹನ್ನೆರಡರ ಒಳಗೆ ಇರಬೇಕು ಅನ್ನುವುದರ ಮನೆ ಪರೀಕ್ಷೆ ಅದು. ಬಿಸಿಲಿನಿಂದ ತೆಗೆದ ಕೂಡಲೇ ತುಂಬಬಾರದು. ಬಿಸಿ ಕಾಳು ಡಬ್ಬಿಯೊಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಸಂಜೆ ನೆರಳಿಗೆ ಹರವಿ, ಪೂರ್ತಿ ತಣ್ಣಗಾದ ಮೇಲೆ ತುಂಬಬೇಕು. ಬೇವಿನ ಎಲೆ ಹಾಕುವವರು ಗಿಡದಿಂದ ಕಿತ್ತು ಹಸಿಯದನ್ನೇ ಹಾಕಿಬಿಡುತ್ತಾರೆ. ಆ ಎಲೆಯ ನೀರೇ ಕಾಳಿಗೆ ಇಳಿಯುತ್ತದೆ. ನೆರಳಲ್ಲಿ ಒಣಗಿಸಿದ ಎಲೆಯೇ ಬೇಕು. ಚೀಲಗಳು ನೆಲಕ್ಕೂ ಗೋಡೆಗೂ ತಾಗಬಾರದು, ಕೆಳಗೆ ಹಲಗೆ, ಗೋಡೆಯಿಂದ ಒಂದಡಿ ದೂರ. ಹಳೆ ಗೋಣಿಚೀಲ ಮತ್ತೆ ಬಳಸುವುದಾದರೆ ಕುದಿಯುವ ನೀರಲ್ಲಿ ಅದ್ದಿ ಒಣಗಿಸಬೇಕು, ಹೋದ ವರ್ಷದ ನುಸಿ ಹೊಲಿಗೆಯಲ್ಲೇ ಅಡಗಿರುತ್ತದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಗೊಬ್ಬರದ ಅಂಗಡಿಯಲ್ಲಿ ಸಿಗುವ ಕಾಳಿನ ಮಾತ್ರೆಯನ್ನು ಮನೆಯೊಳಗಿನ ಚೀಲಕ್ಕೆ ಹಾಕಬಾರದು. ಗಾಳಿಯ ತೇವ ತಾಗಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ. ಚೀಲವೂ ಮಂಚವೂ ಒಂದೇ ಕೋಣೆಯಲ್ಲಿರುವ ಮನೆಯಲ್ಲಿ ಅದು ಜೀವ ತೆಗೆಯುವ ವಸ್ತು.

ತೊಗರಿಯನ್ನು ಇಡಿಯಾಗಿ ಇಡುವುದಕ್ಕಿಂತ ಬೇಳೆ ಮಾಡಿಸಿ ಇಡುವುದು ಲೇಸು. ಕಾಳಿಗೆ ಬೀಳುವ ದುಂಬಿ ಇಡೀ ಕಾಳಿನ ಮೇಲೆ ಮೊಟ್ಟೆ ಇಡುತ್ತದೆ, ಒಡೆದ ಬೇಳೆಗೆ ಅಷ್ಟಾಗಿ ಬರುವುದಿಲ್ಲ. ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿಟ್ಟರೆ ಇನ್ನೂ ತಡೆಯುತ್ತದೆ. ನೂರು ಕೆಜಿ ತೊಗರಿಗೆ ಎಪ್ಪತ್ತು ಕೆಜಿ ಬೇಳೆಯ ಲೆಕ್ಕ, ಹೊಟ್ಟು-ನುಚ್ಚು ದನಕ್ಕೆ. ಮೆಣಸಿನಕಾಯಿ ಫೆಬ್ರವರಿ-ಮಾರ್ಚಿನಲ್ಲಿ, ಮಸಾಲಿ ಖಾರ ಕುಟ್ಟಿಸುವ ಮೊದಲು. ಬಣ್ಣಕ್ಕೆ ಬ್ಯಾಡಗಿ ಮೂರು ಪಾಲು, ಖಾರಕ್ಕೆ ಗುಂಟೂರು ಒಂದು ಪಾಲು. ಕೊಳ್ಳುವಾಗ ಒಂದು ಕಾಯಿ ಮುರಿದು ನೋಡಬೇಕು. ಬಾಗಿದರೆ ತೇವ ಇದೆ, ನೀರಿನ ತೂಕಕ್ಕೆ ದುಡ್ಡು ಕೊಟ್ಟಂತೆ. ಒಳಗೆ ಬೀಜ ಕಪ್ಪಾಗಿದ್ದರೆ ಎಷ್ಟು ಒಣಗಿಸಿದರೂ ಬೂಸ್ಟಿನ ವಾಸನೆ ಹೋಗದು. ಹುಣಸೆಹಣ್ಣು ಬೀಜ ತೆಗೆದು, ಉಪ್ಪು ಬೆರೆಸಿ ಮಣ್ಣಿನ ಇಲ್ಲವೇ ಪಿಂಗಾಣಿ ಪಾತ್ರೆಯಲ್ಲಿ. ಸ್ಟೀಲಿನ ಡಬ್ಬಿ ಬೇಡ.

ಗಾಣದ ಎಣ್ಣೆಯ ಬಗ್ಗೆ ಮಾತ್ರ ಒಂದು ಭ್ರಮೆ ಇದೆ. ಶೇಂಗಾ ಕಾಳಿನ ನೂರು ಕೆಜಿಗೆ ನಲವತ್ತು ಕೆಜಿ ಆಸುಪಾಸು ಎಣ್ಣೆ ಬರುತ್ತದೆ. ಹದಿನೈದು ಲೀಟರಿನ ಡಬ್ಬಿ ತುಂಬಲು 34 ಕೆಜಿ ಕಾಳು ಬೇಕು. ಕಾಳಿನ ಬೆಲೆ, ಗಾಣದ ಕೂಲಿ ಕೂಡಿಸಿ, ಹಿಂಡಿಯ ಬೆಲೆ ಕಳೆದರೂ ಅಂಗಡಿಯ ಸೂರ್ಯಕಾಂತಿ ಎಣ್ಣೆಗಿಂತ ದುಬಾರಿಯೇ ಬೀಳುತ್ತದೆ. ರುಚಿಗೆ, ನಂಬಿಕೆಗೆ ಮಾಡಿಸಲಿ, ಉಳಿತಾಯದ ಹೆಸರಲ್ಲಿ ಬೇಡ. ಸಕ್ಕರೆ, ಚಹಾಪುಡಿ, ಸೋಪು ತುಂಬಿಡುವುದರಲ್ಲೂ ಏನೂ ಗಿಟ್ಟುವುದಿಲ್ಲ. ವರ್ಷದೊಳಗೆ ಬೆಲೆ ಅಷ್ಟು ಏರಿಳಿಯುವುದಿಲ್ಲ, ಕಣ್ಣೆದುರು ಹೆಚ್ಚಿದ್ದರೆ ಕೈಯೂ ಹೆಚ್ಚು ಹೋಗುತ್ತದೆ.

ವರ್ಷದ ಕಾಳನ್ನು ಸಾಲದ ದುಡ್ಡಲ್ಲಿ ತುಂಬಿಸುವುದಕ್ಕೂ ಅರ್ಥವಿಲ್ಲ. ಮಾರ್ಚಿನಿಂದ ಅಕ್ಟೋಬರಿಗೆ ಜೋಳದ ದರ ನೂರಕ್ಕೆ ಇಪ್ಪತ್ತೈದು ಏರಿತು ಅಂದುಕೊಂಡರೂ, ತಿಂಗಳಿಗೆ ನೂರಕ್ಕೆ ಮೂರರ ಸಾಲದಲ್ಲಿ ಅದೇ ಎಂಟು ತಿಂಗಳಿಗೆ ಇಪ್ಪತ್ತನಾಲ್ಕು ಬಡ್ಡಿಗೆ ಹೋಯಿತು. ನುಸಿಗೆ ಹೋದದ್ದು ಬೇರೆ. ಬಂಗಾರದ ಸಾಲದ ದರದಲ್ಲಾದರೆ ಮಾತ್ರ ಏನಾದರೂ ಉಳಿದೀತು.

ಇನ್ನೂರರ ಗೆರೆ

ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು 42, 43 ಡಿಗ್ರಿ ದಾಟಿದಾಗ ಫ್ಯಾನು ಬಂದ್ ಮಾಡಿ ಉಳಿಸಿ ಎಂದು ಯಾರಿಗೂ ಹೇಳಲಾಗದು. ಗೃಹಜ್ಯೋತಿ ಇದ್ದರೂ ಏಪ್ರಿಲ್-ಮೇ ತಿಂಗಳಲ್ಲಿ ಲೆಕ್ಕ ಬೇರೆ. ಹಿಂದಿನ ಬಳಕೆಯ ಸರಾಸರಿ ಮೇಲೆ ಪ್ರತಿ ಮನೆಗೂ ಉಚಿತ ಯೂನಿಟ್ಟಿನ ಮಿತಿ ಗೊತ್ತುಮಾಡಿದ್ದಾರೆ. ಅದು ದಾಟಿ 200ರೊಳಗೆ ಇದ್ದರೆ ಹೆಚ್ಚಿನ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ಮನೆಯವರದೇ.

ಮೂರು ಹಳೆ ಫ್ಯಾನು, 75 ವಾಟಿನವು, ದಿನಕ್ಕೆ 16 ತಾಸು: ತಿಂಗಳಿಗೆ 108 ಯೂನಿಟ್. ಕೂಲರ್ 180 ವಾಟ್, ಹತ್ತು ತಾಸು: 54. ಫ್ರಿಜ್ 33. ಟಿವಿ 12, ನೀರಿನ ಮೋಟರ್ 11, ದೀಪಗಳು 7. ಕೂಡಿ 225. ಗೆರೆ ದಾಟಿತು. ಹೆಚ್ಚಿನವರು ಇಲ್ಲಿ ದೀಪ ಆರಿಸುವುದರ ಬಗ್ಗೆ ಜಗಳಾಡುತ್ತಾರೆ. ದೀಪಗಳಿಂದ ಬರುವುದು ಏಳು ಯೂನಿಟ್. ಉಳಿಸುವ ಜಾಗ ಫ್ಯಾನು. ಎರಡು ಫ್ಯಾನು ಬದಲಿಸಿ 30 ವಾಟಿನ ಬಿಎಲ್‌ಡಿಸಿ ಹಾಕಿಸಿದರೆ 43 ಯೂನಿಟ್ ಇಳಿದು 182ಕ್ಕೆ ನಿಲ್ಲುತ್ತದೆ. ಒಂದಕ್ಕೆ ಎರಡೂವರೆಯಿಂದ ಮೂರು ಸಾವಿರ. ರೆಗ್ಯುಲೇಟರ್ ಹಳೆಯದನ್ನೇ ಉಳಿಸಿ ಅದರ ಮೂಲಕ ಓಡಿಸಿದರೆ ಒಳಗಿನ ಸರ್ಕ್ಯೂಟ್ ಬೇಗ ಹಾಳಾಗುತ್ತದೆ, ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ತೆಗೆಸಬೇಕು. ಒಂದೂವರೆ ಟನ್ನಿನ ಎಸಿ ದಿನಕ್ಕೆ ಆರು ತಾಸು ಓಡಿದರೆ ಅದೊಂದೇ ತಿಂಗಳಿಗೆ 200 ದಾಟಿಸಬಲ್ಲದು. ಎಸಿ ಇಟ್ಟ ಮನೆಯವರು ಬೇಸಿಗೆಯ ಎರಡು ತಿಂಗಳ ಪೂರ್ತಿ ಬಿಲ್ಲನ್ನು ಮೊದಲೇ ಖರ್ಚಿಗೆ ಹಿಡಿಯಬೇಕು.

ಈ ಕಡೆಯ ಬೋರಿನ ನೀರು ಗಡಸು. ಕೂಲರಿನ ಪ್ಯಾಡಿಗೆ ಬಿಳಿ ಉಪ್ಪು ಕಟ್ಟಿ ಗಾಳಿ ಹಾಯದಂತಾಗುತ್ತದೆ. ಕೂಲರ್ ಓಡುತ್ತಲೇ ಇರುತ್ತದೆ, ಕೋಣೆ ತಣಿಯುವುದಿಲ್ಲ. ತೊಟ್ಟಿಗೆ ಮೇಲೆ ಮೇಲೆ ನೀರು ಸುರಿಯದೆ ಮೂರು ದಿನಕ್ಕೊಮ್ಮೆ ಪೂರ್ತಿ ಚೆಲ್ಲಿ ಹೊಸದು ತುಂಬಬೇಕು, ಹುಲ್ಲಿನ ಪ್ಯಾಡು ವರ್ಷಕ್ಕೊಮ್ಮೆ ಬದಲಿಸಬೇಕು. ಕಿಟಕಿ ಮುಚ್ಚಿ ಕೂಲರ್ ಹಚ್ಚುವುದಂತೂ ಬೆವರು ಕೊಂಡುಕೊಂಡಂತೆ. ಮೀಟರ್ ಓದುವವರು ಬಂದ ದಿನ ಕ್ಯಾಲೆಂಡರಿನಲ್ಲಿ ಯೂನಿಟ್ ಬರೆದು, ಹದಿನೈದನೇ ದಿನ ಇನ್ನೊಮ್ಮೆ ನೋಡಿದರೆ ಗೆರೆ ಎಷ್ಟು ದೂರವಿದೆ ಎಂದು ಗೊತ್ತಾಗುತ್ತದೆ.

ವಾರದ ಕಂತು

ಮಾನ್ವಿಯ ಓಣಿಯೊಂದರಲ್ಲಿ ಬೆಳಗಿನ ಎಂಟಕ್ಕೆ ಹೆಂಗಸರು ಒಂದು ಮನೆಯ ಪಡಸಾಲೆಯಲ್ಲಿ ಕೂಡುತ್ತಾರೆ. ಬೈಕಿನ ಮೇಲೆ ಬಂದ ಮೈಕ್ರೋಫೈನಾನ್ಸ್ ಕಂಪನಿಯ ಹುಡುಗ ಟ್ಯಾಬ್ ತೆಗೆದು ಹೆಸರು ಕರೆಯುತ್ತಾನೆ. ಒಬ್ಬಾಕೆಯ ಕಂತು ಕಡಿಮೆ ಬಿದ್ದಿದೆ. ಎಲ್ಲರದ್ದೂ ಆಗುವ ತನಕ ಯಾರೂ ಏಳುವ ಹಾಗಿಲ್ಲ. ಹೊಲಕ್ಕೆ ಹೋಗುವ ಹೊತ್ತು ಮೀರುತ್ತಿದೆ. "ಇವತ್ತಿನದು ನಾ ಹಾಕ್ತೀನವ್ವ, ಬುಧವಾರದ ಸಂಘದಾಗ ಎತ್ತಿ ಕೊಡು" ಅನ್ನುತ್ತಾಳೆ ಪಕ್ಕದವಳು. ಇಬ್ಬರ ಮುಂದಿನ ಆರು ತಿಂಗಳು ಆ ಒಂದು ಮಾತಿನಲ್ಲಿ ಇದೆ. ಸೋಮವಾರದ ಕಂತಿಗೆ ಬುಧವಾರದ ಸಾಲ, ಬುಧವಾರದ್ದಕ್ಕೆ ಮತ್ತೊಂದು ಕಂಪನಿ.

ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮದಂತೆ ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಒಳ್ಳೆಯ ನಿಯಮ. ಆದರೆ ಸುಗ್ಗಿಯ ದುಡ್ಡಿನ ಮನೆಗೆ ತಿಂಗಳ ಆದಾಯ ಎಂಬುದೇ ವರ್ಷದ್ದನ್ನು ಹನ್ನೆರಡರಿಂದ ಭಾಗಿಸಿದ ಕಾಗದದ ಸಂಖ್ಯೆ. ಸೆಪ್ಟೆಂಬರಿನಲ್ಲಿ ನಿಜವಾದ ಆದಾಯ ಕೂಲಿಯಷ್ಟೇ, ಕಂತು ಮಾತ್ರ ಡಿಸೆಂಬರಿನಷ್ಟೇ. ವಸೂಲಿಗೆ ಬಂದವರು ಮನೆ ಬಾಗಿಲಲ್ಲಿ ಕೂಗಾಡುವುದರ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದು ಮಾಡಿತು. ಕಿರುಕುಳ ಆದರೆ ಪೊಲೀಸರ ಹತ್ತಿರ ಹೋಗಬಹುದು. ಕಂತಿನ ವಾರಗಳು ಅದರಿಂದ ಹೊಂದಿಕೊಳ್ಳುವುದಿಲ್ಲ.

ಸಾಲ ತೆಗೆಯುವ ಮುಂಚೆ ಕೇಳಲೇಬೇಕಾದದ್ದು, ಬಡ್ಡಿ ಇಡೀ ಮೊತ್ತದ ಮೇಲೋ, ಉಳಿದ ಬಾಕಿಯ ಮೇಲೋ ಎಂದು. 50,000 ರೂಪಾಯಿ, ಎರಡು ವರ್ಷ, ದರ ಎರಡರಲ್ಲೂ "ನೂರಕ್ಕೆ ಎರಡು". ಬಾಕಿಯ ಮೇಲೆ ಆದರೆ ತಿಂಗಳ ಕಂತು 2,644, ಒಟ್ಟು ಬಡ್ಡಿ 13,445. ಇಡೀ ಮೊತ್ತದ ಮೇಲೆ ಆದರೆ ಕಂತು 3,083, ಬಡ್ಡಿ 24,000. ಎರಡನೆಯದರ ನಿಜವಾದ ದರ ವರ್ಷಕ್ಕೆ ನಲವತ್ತರ ಹತ್ತಿರ. ದರ ಕೇಳುವುದಕ್ಕಿಂತ ಕಂತನ್ನು ತಿಂಗಳುಗಳಿಂದ ಗುಣಿಸಿ ಒಟ್ಟು ಎಷ್ಟು ಹೋಗುತ್ತದೆ ಎಂದು ನೋಡುವುದು ಸುಲಭ. ಕೈಗೆ ಕೊಡುವ ಮೊದಲೇ ಹಿಡಿದುಕೊಳ್ಳುವ ಫೀಸು, ವಿಮೆಯನ್ನೂ ಅದಕ್ಕೆ ಕೂಡಿಸಬೇಕು.

ಸ್ತ್ರೀಶಕ್ತಿ, ಸಂಜೀವಿನಿ ಸ್ವಸಹಾಯ ಗುಂಪುಗಳ ಒಳಸಾಲ ಬೇರೆ ತರಹ. ಹದಿನೈದು ಜನ ವಾರಕ್ಕೆ ನೂರರಂತೆ ಹಾಕಿದರೆ ವರ್ಷಕ್ಕೆ 78,000 ಕೂಡುತ್ತದೆ, ಅದರ ಬಡ್ಡಿ ಗುಂಪಿಗೇ ಬರುತ್ತದೆ. ಕೆಲವು ಗುಂಪುಗಳು ಮಳೆಗಾಲದಲ್ಲಿ ಬಡ್ಡಿ ಮಾತ್ರ ಕಟ್ಟಿಸಿಕೊಂಡು ಅಸಲನ್ನು ಸುಗ್ಗಿಗೆ ಬಿಡುತ್ತವೆ. ಹೊರಗಿನ ಕಂಪನಿ ಇದನ್ನು ಮಾಡುವುದಿಲ್ಲ, ಗುಂಪಿನವರು ನಡಾವಳಿಯಲ್ಲಿ ಬರೆದು ಸಹಿ ಹಾಕಿದರೆ ಆಯಿತು. ಚೀಟಿಯ ಬಗ್ಗೆ ಇಷ್ಟು ಸಾಕು: ಇಪ್ಪತ್ತು ಜನರ ಲಕ್ಷದ ಚೀಟಿಯನ್ನು 20,000 ಬಿಟ್ಟು ಎತ್ತಿದವನು ಕೈಗೆ 80,000 ಪಡೆದು ಉಳಿದ ತಿಂಗಳೆಲ್ಲ ಕಟ್ಟುತ್ತಾನೆ. ಕೊನೆಗೆ ಎತ್ತುವವನಿಗೆ ಲಾಭ, ಆದರೆ ಕೊನೆಯ ತನಕ ನಡೆಸುವವ ಊರಲ್ಲಿ ಇರಬೇಕು. ನೋಂದಾಯಿಸದ ಚೀಟಿಯಲ್ಲಿ ಅದಕ್ಕೆ ಯಾರ ಜಾಮೀನೂ ಇಲ್ಲ.

ತಿಂಗಳದ್ದು ತಿಂಗಳಿಗೆ, ಸುಗ್ಗಿಯದ್ದು ವರ್ಷಕ್ಕೆ

2023ರ ಆಗಸ್ಟಿನಿಂದ ಬರುವ ಗೃಹಲಕ್ಷ್ಮಿಯ 2,000 ಈ ಮನೆಗಳ ಬಹುಪಾಲಿಗೆ ತಿಂಗಳು ತಿಂಗಳು ಬರತೊಡಗಿದ ಮೊದಲ ದುಡ್ಡು. ಒಮ್ಮೊಮ್ಮೆ ತಡವಾಗಿ ಎರಡು ಕಂತು ಒಟ್ಟಿಗೆ ಬಿದ್ದರೂ ಸರಿ. ಅದನ್ನು ತಿಂಗಳ ಖರ್ಚಿಗೇ ಕಟ್ಟಿಹಾಕಬೇಕು: ಗ್ಯಾಸು, ಹಾಲು, ಮಗುವಿನ ಬಸ್ಸು. ಅದರ ನಂಬಿಕೆಯ ಮೇಲೆ ಹೊಸ ಕಂತಿನ ಸಾಲ ತೆಗೆದರೆ ಬಂದ ಅನುಕೂಲ ಹೋಯಿತು. ಅದೇ ಖಾತೆಯಲ್ಲಿ ಮೇ ಮೂರನೇ ವಾರಕ್ಕೆ 456 ರೂಪಾಯಿ ಮುಟ್ಟದೆ ಬಿಡಬೇಕು. ಜೀವನಜ್ಯೋತಿ ಜೀವವಿಮೆಗೆ 436, ಅಪಘಾತದ ಸುರಕ್ಷಾ ವಿಮೆಗೆ 20. ತಿಂಗಳ ಕೊನೆಗೆ ಬ್ಯಾಂಕು ತಾನೇ ಕಡಿತ ಮಾಡಲು ಬಂದಾಗ ಖಾತೆ ಖಾಲಿ ಇದ್ದರೆ ವಿಮೆ ನಿಲ್ಲುತ್ತದೆ, ನಿಂತದ್ದು ಮನೆಯವರಿಗೆ ಗೊತ್ತಾಗುವುದು ಸಾವಾದ ಮೇಲೆ.

ಸುಗ್ಗಿಯ ದುಡ್ಡಿಗೆ ಅಂಚೆ ಕಚೇರಿಯಲ್ಲಿ ಒಂದು ಅನುಕೂಲ ಇದೆ, ಕೇಳುವವರು ಕಡಿಮೆ. ಆರ್.ಡಿ. (ತಿಂಗಳ ಕಂತಿನ ಠೇವಣಿ) ಅಂದರೆ ಪ್ರತಿ ತಿಂಗಳು ಸಾಲಿನಲ್ಲಿ ನಿಲ್ಲಬೇಕು ಎಂದೇನಿಲ್ಲ. ಹನ್ನೆರಡು ತಿಂಗಳದ್ದು ಮುಂಗಡ ಕಟ್ಟಿದರೆ ನೂರು ರೂಪಾಯಿಯ ಕಂತಿಗೆ 40 ರೂಪಾಯಿ ರಿಯಾಯಿತಿ. ತಿಂಗಳಿಗೆ 500ರ ಖಾತೆಗೆ ಡಿಸೆಂಬರಿನಲ್ಲಿ 6,000ದ ಬದಲು 5,800 ಕಟ್ಟಿ ವರ್ಷ ಪೂರ್ತಿ ಮರೆಯಬಹುದು. ಈಗಿನ 6.7ರ ದರ ನಿಂತರೆ ಐದು ವರ್ಷಕ್ಕೆ 35,680 ಹತ್ತಿರ. ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದರೆ ಸುಕನ್ಯಾ ಖಾತೆಗೆ ವರ್ಷಕ್ಕೆ ಕನಿಷ್ಠ 250, ಎಷ್ಟು ಸಲ ಬೇಕಾದರೂ ಹಾಕಬಹುದು. ತಿಂಗಳ ಐದನೇ ತಾರೀಖಿನ ಒಳಗೆ ಹಾಕಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ.

ಆಯೇರಿ (ಮದುವೆಯ ಮುಯ್ಯಿ) ಪುಸ್ತಕವನ್ನು ಸಾಲದ ಪುಸ್ತಕದ ಜೊತೆಗೇ ಇಡುವುದು ಸರಿ ಅನ್ನಿಸುತ್ತದೆ. ಮಗಳ ಮದುವೆಗೆ ಬಂದ 501, 1,001 ಎಲ್ಲ ತಿರುಗಿ ಹೋಗಬೇಕಾದದ್ದೇ, ಸ್ವಲ್ಪ ಹೆಚ್ಚಾಗಿಯೇ. ಮದುವೆಗಳು ಬೀಳುವುದು ಬಹುತೇಕ ಏಪ್ರಿಲ್-ಮೇ, ಕೈ ಬಿಗಿ ಇರುವಾಗ. ಯಾರ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದವರಿದ್ದಾರೆ ಎಂದು ಡಿಸೆಂಬರಿನಲ್ಲೇ ಪುಸ್ತಕ ನೋಡಿ ಆ ಮೊತ್ತ ಎತ್ತಿಟ್ಟರೆ ಮೇ ತಿಂಗಳ ಕೈಗಡಗಳಲ್ಲಿ ಅರ್ಧ ತಪ್ಪುತ್ತವೆ.

ಎರಡನೇ ಬೆಳೆ

ತುಂಗಭದ್ರಾ ಎಡದಂಡೆಯ ಮನೆಗಳ ಲೆಕ್ಕ ಬಿಗಡಾಯಿಸುವುದು ಎರಡನೇ ಬೆಳೆಯನ್ನು ಬಂದೇ ಬರುತ್ತದೆ ಎಂದು ಹಿಡಿದಾಗ. 2023 ಬರದ ವರ್ಷ, ಜಲಾಶಯ ತುಂಬಲಿಲ್ಲ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋಯಿತು. ಆಮೇಲೆ ಹಳೆಯ 33 ಗೇಟುಗಳನ್ನು ಬದಲಿಸುವ ಕೆಲಸವೂ ನೀರಿನ ಲೆಕ್ಕದೊಳಗೆ ಬಂದು ಕೂತಿತು. ನೀರಾವರಿ ಸಲಹಾ ಸಮಿತಿ ಎರಡನೇ ಬೆಳೆಯ ಬಗ್ಗೆ ತೀರ್ಮಾನಿಸುವುದು ನವೆಂಬರ್ ಸುಮಾರಿಗೆ. ಟ್ರ್ಯಾಕ್ಟರ್ ಕಂತು, ಮದುವೆ ತಾರೀಖು, ಮನೆಯ ಸ್ಲ್ಯಾಬು ಮಾತ್ರ ಜೂನಿನಲ್ಲೇ ಗೊತ್ತಾಗಿರುತ್ತವೆ. ವರ್ಷದ ಖರ್ಚನ್ನೆಲ್ಲ ಮುಂಗಾರು ಬೆಳೆಯೊಂದರ ಮೇಲೇ ಹೊಂದಿಸಿ, ಎರಡನೆಯದು ಬಂದರೆ ಅದರಿಂದ ಮೊದಲು ಮುಂದಿನ ಆಗಸ್ಟಿನ ಗೊಬ್ಬರದ ದುಡ್ಡು ತೆಗೆದಿಡಬೇಕು. ಮೇಲಿನ ಲೆಕ್ಕದಲ್ಲಿ ಅದು 41,500. ಅದನ್ನು ಬೇರೆ ಖಾತೆಯಲ್ಲಿ, ಎಟಿಎಂ ಕಾರ್ಡು ಇಲ್ಲದೆ ಇಟ್ಟರೆ ಉಳಿಯುವ ಸಾಧ್ಯತೆ ಹೆಚ್ಚು. ಒಂದು ವರ್ಷ ನಗದಿನಲ್ಲಿ ಗೊಬ್ಬರ ತಂದವರಿಗೆ ಮುಂದಿನ ವರ್ಷದ್ದು ಕೂಡಿಸುವುದು ಸುಲಭ, ಪಟ್ಟಿಯಲ್ಲಿ ಕಡಿತ ಅಷ್ಟು ಕಡಿಮೆ ಇರುತ್ತದೆ.

ಲಾವಣಿ ಮಾಡುವವರು ಇನ್ನೊಂದು ನೋಡಿಕೊಳ್ಳಬೇಕು. ವರ್ಷಕ್ಕೆ ಎಕರೆಗೆ ಇಷ್ಟು ಎಂದು ಎರಡು ಬೆಳೆಗೆ ಸೇರಿಸಿ ಒಪ್ಪಿಕೊಂಡರೆ, ನೀರು ಬರದ ವರ್ಷ ಒಂದೇ ಬೆಳೆಯಿಂದ ಎರಡರ ಲಾವಣಿ ಕೊಡಬೇಕಾಗುತ್ತದೆ. ಮೊದಲ ಬೆಳೆಗೆ ಎಷ್ಟು, ಎರಡನೆಯದಕ್ಕೆ ಎಷ್ಟು ಎಂದು ಬೇರೆ ಬೇರೆ ಬರೆಸಿ, ಕಾಲುವೆಗೆ ನೀರು ಬಿಡದಿದ್ದರೆ ಎರಡನೆಯದು ಕೊಡಬೇಕಿಲ್ಲ ಎಂಬ ಒಂದು ಸಾಲು ಸೇರಿಸಿಕೊಳ್ಳಬೇಕು. ಇದನ್ನು ಮೇ-ಜೂನಿನಲ್ಲಿ, ಹೊಲದ ಒಡೆಯರಿಗೆ ಲಾವಣಿ ಮಾಡುವವರು ಬೇಕಾಗಿರುವಾಗ ಮಾತಾಡಬೇಕು. ನವೆಂಬರಿನ ಸಭೆಯ ಸುದ್ದಿ ಬಂದ ಮೇಲೆ ಯಾರೂ ಒಪ್ಪುವುದಿಲ್ಲ.